ಕಂಪ್ಯೂಟರ್‌ನಲ್ಲಿ ಓಡುವ ಡಿವಿಡಿ ಮನೆ ಪ್ಲೇಯರ್‌ನಲ್ಲಿ ಯಾಕೆ ಓಡುವುದಿಲ್ಲ? ದೋಷ ಹುಡುಕುವ ದಾರಿ

ಕೊಪ್ಪಳ, ಕುಷ್ಟಗಿ, ಗಂಗಾವತಿ ಕಡೆಯ ವಿಡಿಯೋ ಮಿಕ್ಸಿಂಗ್ ಅಂಗಡಿಗಳಿಗೆ ಈಗಲೂ ಬರುವ ದೂರು ಹೆಚ್ಚುಕಡಿಮೆ ಒಂದೇ. "ಅಣ್ಣಾರ, ನಿಮ್ಮ ಕಂಪ್ಯೂಟರ್‌ನ್ಯಾಗ ಛಲೋ ಓಡ್ತಿತ್ರಿ, ನಮ್ಮನಿ ಸೆಟ್‌ನ್ಯಾಗ ಹಾಕಿದ್ರ ನೋ ಡಿಸ್ಕ್ ಅಂತ ಬರಾಕತ್ತೈತಿ." ಅವರು ಕೈಯಲ್ಲಿ ಹಿಡಿದು ತಂದಿರುವುದು ಮಗಳ ಮದುವೆಯ ಡಿವಿಡಿ. ಅಥವಾ ಊರಿನ ದೊಡ್ಡಾಟದ್ದು. ಇಲ್ಲಾಂದ್ರೆ ಈಗ ಇಲ್ಲದ ಅಜ್ಜನ ಭಜನೆ. ಇನ್ನೊಂದು ಡಿಸ್ಕ್ ರೈಟ್ ಮಾಡಿ ಕೈಗೆ ಕೊಟ್ಟು ಕಳಿಸುವುದು ಸುಲಭ. ಆದರೆ ದೋಷ ಎಲ್ಲಿದೆ ಅಂತ ನೋಡದೆ ಕೊಟ್ಟರೆ ಅದೂ ಓಡುವುದಿಲ್ಲ. ಅವರು ಮತ್ತೆ ಬಸ್ಸು ಹತ್ತಿ ಬರಬೇಕು.

ಈ ಕೆಲಸ ಮಾಡುವವರು, ಮನೆಯಲ್ಲೇ ಡಿವಿಡಿ ಮಾಡಿಕೊಳ್ಳುವವರು ಮೊದಲು ಒಂದು ಮಾತು ಗಟ್ಟಿ ಮಾಡಿಕೊಳ್ಳಬೇಕು. ಕಂಪ್ಯೂಟರ್‌ನಲ್ಲಿ ಓಡಿತು ಅನ್ನುವುದು ಪರೀಕ್ಷೆಯೇ ಅಲ್ಲ. ವಿಎಲ್‌ಸಿಯಂಥ ಸಾಫ್ಟ್‌ವೇರ್ ಎಂಥ ಫೈಲ್ ಕೊಟ್ಟರೂ ಹೇಗೋ ಓಡಿಸುತ್ತದೆ. ತಪ್ಪು ಫಾರ್ಮ್ಯಾಟ್, ತಪ್ಪು ಫೋಲ್ಡರ್, ಅರ್ಧ ಬರೆದ ಡಿಸ್ಕ್, ಎಲ್ಲವನ್ನೂ ಸಹಿಸಿಕೊಳ್ಳುತ್ತದೆ. ಮನೆಯ ಪ್ಲೇಯರ್ ಹಾಗಲ್ಲ. ಅದರೊಳಗಿನ ಚಿಪ್‌ಗೆ ಗೊತ್ತಿರುವುದು 1990ರ ದಶಕದಲ್ಲಿ ಬರೆದಿಟ್ಟ ಒಂದು ಗಟ್ಟಿ ನಿಯಮಾವಳಿ ಮಾತ್ರ. ಅದರಿಂದ ಸ್ವಲ್ಪ ಆಚೀಚೆ ಆದರೂ ಕೈ ಎತ್ತಿಬಿಡುತ್ತದೆ.

ದೋಷ ಇರುವ ಜಾಗ ಮೂರೇ. ಡಿಸ್ಕ್ ಮತ್ತು ಲೆನ್ಸ್ ನಡುವೆ ಒಂದು. ಡಿಸ್ಕ್ ಮೇಲೆ ಫೈಲ್ ಜೋಡಿಸಿದ ರೀತಿ ಇನ್ನೊಂದು. ಫೈಲ್ ಒಳಗಿನ ಚಿತ್ರ ಮತ್ತು ಧ್ವನಿಯ ಅಳತೆ ಮೂರನೆಯದು. ಇನ್ನೊಂದು ಖಾಲಿ ಡಿಸ್ಕ್ ಕೈಗೆತ್ತಿಕೊಳ್ಳುವ ಮುಂಚೆ ಈ ಮೂರರಲ್ಲಿ ಯಾವುದು ಅಂತ ತಿಳಿಯಬೇಕು.

ಮೊದಲು ಕಿವಿಗೊಡಿ

ಡಿಸ್ಕ್ ಹಾಕಿ ಟ್ರೇ ಮುಚ್ಚಿ. ಟಿವಿ ಸೌಂಡ್ ಕಡಿಮೆ ಮಾಡಿ ಪ್ಲೇಯರ್ ಹತ್ತಿರ ಕಿವಿ ತನ್ನಿ. ಒಳಗೆ ಲೆನ್ಸ್ ಫೋಕಸ್ ಹುಡುಕುತ್ತಾ ಮೇಲೆ ಕೆಳಗೆ ಆಡುವಾಗ ಸಣ್ಣಗೆ ಟಿಕ್ ಟಿಕ್ ಅನ್ನುತ್ತದೆ. ಆಮೇಲೆ ಡಿಸ್ಕ್ ತಿರುಗಲು ಶುರುವಾಗಿ ವೇಗ ಹಿಡಿಯಬೇಕು.

ಟಿಕ್ ಟಿಕ್ ಆಗಿ ಡಿಸ್ಕ್ ವೇಗ ಹಿಡಿಯದೆ ನಿಂತರೆ, ತೆರೆಯ ಮೇಲೆ ನೋ ಡಿಸ್ಕ್ ಬಂದರೆ, ಲೇಸರ್‌ಗೆ ಡಿಸ್ಕ್ ಕಾಣುತ್ತಲೇ ಇಲ್ಲ ಅಂತ ಅರ್ಥ. ಇದಕ್ಕೆ ಫೈಲ್ ಕಾರಣವಲ್ಲ. ಡಿಸ್ಕ್ ಚೆನ್ನಾಗಿ ತಿರುಗಿ, ಒಂದಿಷ್ಟು ಹೊತ್ತು ಲೋಡಿಂಗ್ ಅಂತ ತೋರಿಸಿ, ಆಮೇಲೆ ಅನ್‌ನೋನ್ ಡಿಸ್ಕ್ ಅಂತಲೋ ಬ್ಯಾಡ್ ಡಿಸ್ಕ್ ಅಂತಲೋ ಬಂದರೆ, ಲೇಸರ್ ಡಿಸ್ಕನ್ನು ಓದಿದೆ, ಓದಿದ್ದು ಅದಕ್ಕೆ ತಿಳಿದಿಲ್ಲ. ಆಗ ಜೋಡಣೆ ನೋಡಬೇಕು. ಮೆನು ಬಂದು ಸಿನಿಮಾ ಶುರುವಾಗಿ ಆಮೇಲೆ ತೊಂದರೆ ಬಂದರೆ ಒಳಗಿನ ಅಳತೆ ಅಥವಾ ಡಿಸ್ಕಿನ ಅಂಚು ನೋಡಬೇಕು.

ಡಿಸ್ಕೇ ಕಾಣುವುದಿಲ್ಲ

ಅಂಗಡಿಯಿಂದ ಕೊಂಡ ಕಂಪನಿ ಸಿನಿಮಾ ಡಿವಿಡಿ ಒಂದನ್ನು ಅದೇ ಪ್ಲೇಯರ್‌ಗೆ ಹಾಕಿ. ಅದೂ ಓಡದಿದ್ದರೆ ಪ್ಲೇಯರ್‌ದೇ ತೊಂದರೆ. ನಿಮ್ಮ ಡಿಸ್ಕ್ ಬಗ್ಗೆ ಚಿಂತೆ ಬಿಡಿ. ಕಂಪನಿ ಡಿಸ್ಕ್ ಓಡಿ ನಿಮ್ಮದು ಓಡದಿದ್ದರೆ ನಿಮ್ಮ ಡಿಸ್ಕನ್ನು ಪಕ್ಕದ ಮನೆಯ ಪ್ಲೇಯರ್‌ಗೆ ಹಾಕಿ ನೋಡಿ. ಅಲ್ಲಿ ಓಡಿದರೆ ನಿಮ್ಮ ಪ್ಲೇಯರ್ ಸೋತಿದೆ, ಅಲ್ಲೂ ಓಡದಿದ್ದರೆ ಡಿಸ್ಕನ್ನೇ ಅನುಮಾನಿಸಿ.

ಇಲ್ಲಿ ಜನ ದಾರಿ ತಪ್ಪುವ ಜಾಗ ಒಂದಿದೆ. "ಹಳೇ ಸಿಡಿ ಎಲ್ಲಾ ಓಡ್ತಾವ್ರಿ, ಅಂದ್ರ ಲೆನ್ಸ್ ಛಲೋ ಐತಿ" ಅಂತಾರೆ. ಸಿಡಿ ಓದುವ ಲೇಸರ್ ಬೇರೆ, ಡಿವಿಡಿ ಓದುವ ಲೇಸರ್ ಬೇರೆ. ಸಿಡಿಗೆ 780 ನ್ಯಾನೋಮೀಟರ್, ಅದು ಕಣ್ಣಿಗೆ ಕಾಣದ ಬೆಳಕು. ಡಿವಿಡಿಗೆ 650 ನ್ಯಾನೋಮೀಟರ್, ಅದು ಕೆಂಪು. ಒಂದೇ ಲೆನ್ಸ್ ಹಿಂದೆ ಎರಡೂ ಕೂತಿರುತ್ತವೆ. ಕೆಂಪು ಲೇಸರ್ ಮುದಿಯಾಗಿದ್ದರೆ ಹಾಡಿನ ಸಿಡಿ, ವಿಸಿಡಿ ಆರಾಮಾಗಿ ಓಡುತ್ತವೆ, ಡಿವಿಡಿ ಮಾತ್ರ ಓಡುವುದಿಲ್ಲ. ಅರ್ಧ ಮುದಿಯಾಗಿದ್ದರೆ ಕಂಪನಿ ಡಿವಿಡಿ ಓಡುತ್ತದೆ, ನಾವು ರೈಟ್ ಮಾಡಿದ್ದು ಓಡುವುದಿಲ್ಲ. ಯಾಕೆಂದರೆ ಕಂಪನಿ ಡಿಸ್ಕ್‌ನಲ್ಲಿ ನಿಜವಾದ ಗುಳಿಗಳನ್ನು ಒತ್ತಿರುತ್ತಾರೆ. ನಮ್ಮದರಲ್ಲಿ ಇರುವುದು ಬಣ್ಣದ ಪದರ ಸುಟ್ಟು ಮಾಡಿದ ಗುರುತು ಅಷ್ಟೇ. ಅದನ್ನು ಓದಲು ಲೇಸರ್ ಗಟ್ಟಿ ಇರಬೇಕು.

ಲೆನ್ಸ್ ಮೇಲೆ ಧೂಳು ಕೂತಿದ್ದರೂ ಇದೇ ಲಕ್ಷಣ. ಬಳ್ಳಾರಿ, ಸಂಡೂರು ಕಡೆಯ ಕೆಂಪು ಧೂಳು, ಸಿಂಧನೂರು, ಕಾರಟಗಿ ಕಡೆ ಭತ್ತದ ಸುಗ್ಗಿಯ ಹೊಟ್ಟು ಮನೆಯೊಳಗಿನ ಪ್ಲೇಯರ್‌ಗೂ ನುಗ್ಗುತ್ತದೆ. ಪ್ಲಗ್ ಕಿತ್ತು, ಒಂದಿಷ್ಟು ಹೊತ್ತು ಬಿಟ್ಟು ಮುಚ್ಚಳ ತೆಗೆಯಿರಿ. ಪವರ್ ಬೋರ್ಡ್ ಮುಟ್ಟಬೇಡಿ, ಪ್ಲಗ್ ಕಿತ್ತ ಮೇಲೂ ಅದರ ದೊಡ್ಡ ಕೆಪಾಸಿಟರ್‌ನಲ್ಲಿ ಶಾಕ್ ಹೊಡೆಯುವಷ್ಟು ಕರೆಂಟ್ ಉಳಿದಿರಬಹುದು. ಐಸೋಪ್ರೊಪೈಲ್ ಆಲ್ಕೋಹಾಲ್‌ನಲ್ಲಿ ಹತ್ತಿ ಕಡ್ಡಿ ಅದ್ದಿ, ಹಿಂಡಿ, ಲೆನ್ಸ್ ಮೇಲೆ ಹಗುರವಾಗಿ ಒಂದು ಸುತ್ತು ಆಡಿಸಿ. ಒತ್ತಬೇಡಿ, ಲೆನ್ಸ್ ಕೂದಲಿನಷ್ಟು ತೆಳುವಾದ ತಂತಿಗಳ ಮೇಲೆ ನಿಂತಿದೆ. ಮುಚ್ಚಳ ತೆಗೆದಿರುವಾಗ ಪ್ಲೇಯರ್ ಆನ್ ಮಾಡಿ ಲೇಸರ್ ನೋಡುವ ಆಸೆ ಬೇಡವೇ ಬೇಡ. ಕಣ್ಣಿನ ಮಾತು ಅದು.

ಲೆನ್ಸ್ ಒರೆಸಿದರೂ ಆಗದಿದ್ದರೆ ಡಿಸ್ಕ್ ಬದಲಿಸಿ. ಆರ್‌ಡಬ್ಲ್ಯೂ ಡಿಸ್ಕ್, ಅಂದರೆ ಅಳಿಸಿ ಮತ್ತೆ ಬರೆಯುವಂಥದ್ದು, ಬೆಳಕನ್ನು ತುಂಬಾ ಕಡಿಮೆ ಹಿಂದಿರುಗಿಸುತ್ತದೆ. ಹಳೆಯ ಪ್ಲೇಯರ್‌ಗಳು ಅದನ್ನು ನೋಡಿ ಗೊಂದಲಕ್ಕೆ ಬೀಳುತ್ತವೆ. ಗಿರಾಕಿಗೆ ಕೊಡುವುದಾದರೆ ಡಿವಿಡಿ ಮೈನಸ್ ಆರ್ ಕೊಡಿ. ಪ್ಲಸ್ ಆರ್ ಡಿಸ್ಕ್ ಮಾತ್ರ ಸಿಕ್ಕರೆ, ನಿಮ್ಮ ರೈಟರ್ ಒಪ್ಪುವುದಾದರೆ, ಬುಕ್ ಟೈಪ್ ಅನ್ನುವ ಕಡೆ ಡಿವಿಡಿ-ರೋಮ್ (DVD-ROM) ಅಂತ ಇಟ್ಟು ಬರೆಯಿರಿ. ಪ್ಲೇಯರ್ ಅದನ್ನು ಕಂಪನಿ ಡಿಸ್ಕ್ ಅಂತಲೇ ತಿಳಿಯುತ್ತದೆ. ಡಿಸ್ಕ್ ಬರೆಯುವ ಇಮೇಜ್‌ಬರ್ನ್ ಸಾಫ್ಟ್‌ವೇರ್‌ನಲ್ಲಿ ಈ ಸೌಲಭ್ಯ ಇದೆ. ಸಿಡಿ ಮೇಲೆ ಡಿವಿಡಿ ಫೋಲ್ಡರ್ ಬರೆದು ಕೊಟ್ಟವರೂ ಇದ್ದಾರೆ. ಅದು ಬಹುತೇಕ ಪ್ಲೇಯರ್‌ಗಳಲ್ಲಿ ಓಡುವುದಿಲ್ಲ.

ಡಿಸ್ಕ್ ಫೈನಲೈಸ್ ಆಗಿಲ್ಲದಿದ್ದರೂ, ಅಂದರೆ ಬರೆದು ಮುಗಿಯಿತು ಅಂತ ಮುಚ್ಚಿಲ್ಲದಿದ್ದರೂ, ಮನೆ ಪ್ಲೇಯರ್‌ಗೆ ಅದು ಖಾಲಿ ಡಿಸ್ಕ್ ಇದ್ದ ಹಾಗೆ. ಡಿಸ್ಕ್ ಮೇಲೆಯೇ ನೇರ ರೆಕಾರ್ಡ್ ಮಾಡುವ ಹಳೆಯ ಕ್ಯಾಮೆರಾಗಳಲ್ಲಿ ಇದು ಸಾಮಾನ್ಯ. ಬರೆದ ಮಷಿನ್‌ಗೇ ವಾಪಸ್ ಹಾಕಿ ಫೈನಲೈಸ್ ಒತ್ತಿದರೆ ಸರಿಹೋಗುತ್ತದೆ.

ಓದುತ್ತದೆ, ಆದರೆ ಏನಂತ ತಿಳಿಯುವುದಿಲ್ಲ

ಇದು ಅತಿ ಹೆಚ್ಚು ಬರುವ ತೊಂದರೆ. ಕಾರಣವೂ ಬಹಳ ಸಲ ಒಂದೇ. ಮೊಬೈಲ್‌ನ ಎಂಪಿ4 ಫೈಲನ್ನು ಎಳೆದು ಡಿಸ್ಕ್ ಮೇಲೆ ಹಾಕಿ ಬರ್ನ್ ಒತ್ತಿರುತ್ತಾರೆ. ವಿಂಡೋಸ್ ಆಗ ಒಂದು ಪ್ರಶ್ನೆ ಕೇಳುತ್ತದೆ: ಈ ಡಿಸ್ಕನ್ನು ಯುಎಸ್‌ಬಿ ಪೆನ್‌ಡ್ರೈವ್ ಥರ ಬಳಸುತ್ತೀರೋ, ಸಿಡಿ/ಡಿವಿಡಿ ಪ್ಲೇಯರ್ ಜೊತೆ ಬಳಸುತ್ತೀರೋ? ಎರಡನೆಯದನ್ನು ಆರಿಸಿದರೆ ಪ್ಲೇಯರ್‌ನಲ್ಲಿ ಓಡುವ ಡಿವಿಡಿ ಆಗುತ್ತದೆ ಅಂತ ಯಾರಿಗಾದರೂ ಅನ್ನಿಸುತ್ತದೆ, ಅಲ್ವಾ? ಆಗುವುದಿಲ್ಲ. ಅದು ಬರಿ ಡೇಟಾ ಡಿಸ್ಕ್. ವಿಂಡೋಸ್ ಒಳಗಿನ ಫೈಲನ್ನು ಮುಟ್ಟಿಯೇ ಇರುವುದಿಲ್ಲ. ವಿಸ್ಟಾ ಮತ್ತು ವಿಂಡೋಸ್ 7ರ ಕೆಲವು ಆವೃತ್ತಿಗಳಲ್ಲಿ ಡಿವಿಡಿ ಮೇಕರ್ ಅಂತ ಒಂದು ಸಾಫ್ಟ್‌ವೇರ್ ಜೊತೆಗೇ ಬರುತ್ತಿತ್ತು, ಅದು ನಿಜವಾದ ಡಿವಿಡಿ ಮಾಡುತ್ತಿತ್ತು. ವಿಂಡೋಸ್ 8ರಿಂದ ಅದನ್ನು ತೆಗೆದುಬಿಟ್ಟರು. ಅಲ್ಲಿಂದ ಈ ಗೊಂದಲ ಜಾಸ್ತಿಯಾಯಿತು.

ಡಿಸ್ಕನ್ನು ಕಂಪ್ಯೂಟರ್‌ಗೆ ಹಾಕಿ, ಓಡಿಸಬೇಡಿ, ಸುಮ್ನೆ ತೆರೆದು ನೋಡಿ. ತೆರೆದ ತಕ್ಷಣ ವಿಡಿಯೋ_ಟಿಎಸ್ ಅನ್ನುವ ಫೋಲ್ಡರ್ ಕಾಣಬೇಕು, ಇಂಗ್ಲಿಷ್ ದೊಡ್ಡಕ್ಷರದಲ್ಲಿ. ಅದರೊಳಗೆ ಐಎಫ್‌ಒ, ಬಿಯುಪಿ, ವಿಒಬಿ ಅನ್ನುವ ಮೂರು ಬಗೆಯ ಫೈಲ್ ಇರಬೇಕು. ವಿಒಬಿಯಲ್ಲಿ ಚಿತ್ರ ಮತ್ತು ಧ್ವನಿ, ಐಎಫ್‌ಒದಲ್ಲಿ ಎಲ್ಲಿಂದ ಎಲ್ಲಿಗೆ ಹೋಗಬೇಕು ಅನ್ನುವ ದಾರಿ, ಬಿಯುಪಿ ಅದರ ನಕಲು. ಒಂದೊಂದು ವಿಒಬಿ 1 ಜಿಬಿ ದಾಟುವುದಿಲ್ಲ, ಹಾಗಾಗಿ ಸಿನಿಮಾ ತುಂಡು ತುಂಡಾಗಿ ಕಂಡರೆ ಗಾಬರಿ ಬೇಡ. ಪಕ್ಕದಲ್ಲಿ ಆಡಿಯೋ_ಟಿಎಸ್ ಅಂತ ಖಾಲಿ ಫೋಲ್ಡರ್ ಇರಬಹುದು, ಅದು ಖಾಲಿಯೇ ಇರಬೇಕಾದ್ದು.

ಈಗ ನೋಡಿ. ಬರಿ ಎಂಪಿ4 ಅಥವಾ ಎಂಕೆವಿ ಕಂಡರೆ ಡಿವಿಡಿಯನ್ನೇ ಮಾಡಿಲ್ಲ. ವಿಡಿಯೋ_ಟಿಎಸ್ ಇದೆ, ಆದರೆ "ಮದುವೆ" ಅಂತ ಇನ್ನೊಂದು ಫೋಲ್ಡರ್ ಒಳಗೆ ಕೂತಿದೆ ಅಂದರೆ ಪ್ಲೇಯರ್‌ಗೆ ಅದು ಸಿಗುವುದಿಲ್ಲ. ಹೊರಗೆ ತಂದು ಮತ್ತೆ ಬರೆಯಬೇಕು. ಎಲ್ಲ ಸರಿ ಇದ್ದೂ ಓಡದಿದ್ದರೆ ಡಿಸ್ಕನ್ನು ಪೆನ್‌ಡ್ರೈವ್ ಥರ ಬರೆದಿರಬಹುದು. ಆಗ ಫೈಲ್ ಸಿಸ್ಟಂ ಯುಡಿಎಫ್ 2.01 ಆಗಿರುತ್ತದೆ. ಮನೆ ಪ್ಲೇಯರ್‌ಗೆ ಬೇಕಾದ್ದು ಯುಡಿಎಫ್ 1.02. ಇಮೇಜ್‌ಬರ್ನ್‌ಗೆ ವಿಡಿಯೋ_ಟಿಎಸ್ ಫೋಲ್ಡರ್ ಕೊಟ್ಟರೆ ಅದೇ ಗುರುತಿಸಿ, ಬದಲಿಸಲಾ ಅಂತ ಕೇಳುತ್ತದೆ. ಹೌದು ಅನ್ನಿ.

ಎಂಪಿ4ರಿಂದ ವಿಡಿಯೋ_ಟಿಎಸ್ ಮಾಡಲು ಡಿವಿಡಿಸ್ಟೈಲರ್ ಸಾಕು. ಪುಕ್ಕಟೆ ಸಿಗುತ್ತದೆ, ಮೆನುವನ್ನೂ ಅದರಲ್ಲೇ ಮಾಡಬಹುದು. ಹ್ಯಾಂಡ್‌ಬ್ರೇಕ್ ಅನ್ನುವ ಸಾಫ್ಟ್‌ವೇರ್‌ನಿಂದ ಡಿವಿಡಿ ಆಗುವುದಿಲ್ಲ, ಅದು ಡಿವಿಡಿಯನ್ನು ಎಂಪಿ4 ಮಾಡುವ ಉಲ್ಟಾ ಕೆಲಸದ್ದು. ಡಿವಿಡಿಸ್ಟೈಲರ್‌ಗೆ ಕೊಡುವ ಫೈಲುಗಳ ಹೆಸರನ್ನು ಇಂಗ್ಲಿಷ್ ಅಕ್ಷರದಲ್ಲಿ, ಜಾಗ ಬಿಡದೆ ಇಡಿ. ಕನ್ನಡದ ಹೆಸರು ಕಂಡರೆ ಇಂಥ ಹಳೆಯ ಸಾಫ್ಟ್‌ವೇರ್‌ಗಳು ಅರ್ಧಕ್ಕೆ ನಿಲ್ಲುವುದುಂಟು. ಮೆನುವಿನಲ್ಲಿ ಕನ್ನಡ ಬೇಕೇ ಬೇಕು, ಇರಲಿ ಕೂಡ. ಆದರೆ ಅಲ್ಲಿ ಟೈಪ್ ಮಾಡಿದರೆ ಒತ್ತಕ್ಷರ ಚೆಲ್ಲಾಪಿಲ್ಲಿಯಾದೀತು. ಬೇರೆ ಕಡೆ ಟೈಪ್ ಮಾಡಿ, ಚಿತ್ರವಾಗಿ ಉಳಿಸಿ, ಅದನ್ನೇ ಹಿನ್ನೆಲೆಯಾಗಿ ಹಾಕಿ. ಮದುಮಕ್ಕಳ ಹೆಸರಿನ ಒತ್ತಕ್ಷರ ಒಡೆದು ಬಂದರೆ ಮನೆಯವರಿಗೆ ನೋವಾಗುತ್ತದೆ.

ಒಳಗಿನ ಅಳತೆ

ಮೀಡಿಯಾಇನ್ಫೋ ಅಂತ ಸಣ್ಣ ಸಾಫ್ಟ್‌ವೇರ್ ಇದೆ, ಪುಕ್ಕಟೆ. ಇದಿಲ್ಲದೆ ಈ ಕೆಲಸ ಕತ್ತಲಲ್ಲಿ ಸೂಜಿಗೆ ದಾರ ಪೋಣಿಸಿದ ಹಾಗೆ. ವಿಒಬಿ ಫೈಲನ್ನು ಅದರೊಳಗೆ ಎಳೆದು ಬಿಡಿ. ನಮ್ಮ ದೇಶದ ಟಿವಿಯ ಪಾಲ್ ಪದ್ಧತಿಗೆ ಅದು ಹೀಗೆ ತೋರಿಸಬೇಕು: ವಿಡಿಯೋ ಎಂಪೆಗ್ 2, ಅಳತೆ 720 ಬೈ 576, ಸೆಕೆಂಡಿಗೆ 25 ಫ್ರೇಮ್. ಆಡಿಯೋ ಎಸಿ3, 48 ಕಿಲೋಹರ್ಟ್ಸ್. ಆಡಿಯೋ ಪಿಸಿಎಂ ಅಥವಾ ಎಂಪಿ2 ಇದ್ದರೂ ನಡೆಯುತ್ತದೆ, ಆದರೆ 48 ಬಿಡುವ ಹಾಗಿಲ್ಲ. 720 ಬೈ 480, 29.97 ಫ್ರೇಮ್ ಕಂಡರೆ ಅದು ಅಮೆರಿಕದ ಎನ್‌ಟಿಎಸ್‌ಸಿ. ಈಗಿನ ಸೆಟ್‌ಗಳಲ್ಲಿ ಓಡೀತು. ಹಳೆಯ ಡಬ್ಬಾ ಟಿವಿಯಲ್ಲಿ ಚಿತ್ರ ಕಪ್ಪು ಬಿಳುಪಾಗುತ್ತದೆ ಇಲ್ಲವೇ ಮೇಲಿಂದ ಕೆಳಕ್ಕೆ ಉರುಳುತ್ತದೆ. ಸಾಫ್ಟ್‌ವೇರ್‌ನಲ್ಲಿ ಎನ್‌ಟಿಎಸ್‌ಸಿ ತಾನಾಗಿ ಆಯ್ಕೆಯಾಗಿರುವುದುಂಟು, ಬದಲಿಸಿಕೊಳ್ಳಿ. ಎಫ್‌ಎಫ್‌ಎಂಪೆಗ್ ಬಳಸುವವರಿಗೆ ಪಾಲ್-ಡಿವಿಡಿ ಅನ್ನುವ ಟಾರ್ಗೆಟ್ ಒಂದನ್ನು ಕೊಟ್ಟರೆ ಇಷ್ಟೂ ಅಳತೆ ತಾನೇ ಕೂಡುತ್ತದೆ.

ಚಿತ್ರ ಬರುತ್ತದೆ, ಧ್ವನಿ ಬರುವುದಿಲ್ಲ ಅಂದರೆ ಆಡಿಯೋ ಎಎಸಿ ಆಗಿಯೇ ಉಳಿದಿರುತ್ತದೆ. ಮೊಬೈಲ್ ರೆಕಾರ್ಡಿಂಗ್ ಎಲ್ಲ ಹೆಚ್ಚಾಗಿ ಎಎಸಿಯೇ. ಡಿವಿಡಿ ನಿಯಮಾವಳಿಯಲ್ಲಿ ಅದಕ್ಕೆ ಜಾಗವಿಲ್ಲ. ಉಲ್ಟಾ, ಧ್ವನಿ ಬಂದು ಚಿತ್ರ ಬರದಿದ್ದರೆ ಡಿಸ್ಕ್ ಬಿಟ್ಟು ರಿಮೋಟ್ ನೋಡಿ. ಮಕ್ಕಳು ವಿ-ಮೋಡ್ ಅಥವಾ ಪಿ-ಸ್ಕ್ಯಾನ್ ಬಟನ್ ಒತ್ತಿರುತ್ತಾರೆ. ಹಳದಿ ವೈರಿನಲ್ಲಿ ಚಿತ್ರ ಹೋಗುವುದೇ ನಿಂತಿರುತ್ತದೆ. ಅದೇ ಬಟನ್ ಒಂದೊಂದೇ ಸಲ ಒತ್ತುತ್ತಾ, ನಡುವೆ ಸ್ವಲ್ಪ ಕಾಯುತ್ತಾ ಹೋದರೆ ವಾಪಸ್ ಬರುತ್ತದೆ.

ಮುಖ ಉದ್ದವಾಗಿ, ಜನ ಸಣಕಲಾಗಿ ಕಾಣುತ್ತಿದ್ದರೆ 16:9 ಚಿತ್ರಕ್ಕೆ 4:3 ಗುರುತು ಬಿದ್ದಿದೆ. ಎರಡಕ್ಕೂ ಅಳತೆ 720 ಬೈ 576 ಒಂದೇ, ಹೇಗೆ ಹಿಗ್ಗಿಸಬೇಕು ಅನ್ನುವ ಗುರುತು ಮಾತ್ರ ಬೇರೆ. ಅದನ್ನು ತಿದ್ದಿದರೆ ಆಯಿತು. ಅದಕ್ಕೂ ಮುಂಚೆ ಪ್ಲೇಯರ್‌ನ ಸೆಟಪ್‌ನಲ್ಲಿ ಟಿವಿ ಟೈಪ್ ಏನಿದೆ ನೋಡಿ. ತೊಂದರೆ ಅಲ್ಲೇ ಇರಬಹುದು.

ತುಟಿ ಒಂದು ಕಡೆ, ಮಾತು ಒಂದು ಕಡೆ

ಡಿಸ್ಕಿನ ಶುರುವಿನಲ್ಲಿ, ನಡುವೆ, ಕೊನೆಯಲ್ಲಿ ಮೂರು ಕಡೆ ಯಾರಾದರೂ ಮಾತಾಡುವ ಜಾಗ ನೋಡಿ. ಮೂರೂ ಕಡೆ ಒಂದೇ ಅಷ್ಟು ಹಿಂದೆಮುಂದೆ ಇದ್ದರೆ ಆಡಿಯೋವನ್ನು ಅಷ್ಟು ಸರಿಸಿದರೆ ಮುಗಿಯಿತು. ಶುರುವಿನಲ್ಲಿ ಸರಿ ಇದ್ದು ಹೋಗ್ತಾ ಹೋಗ್ತಾ ದೂರವಾದರೆ ಫ್ರೇಮ್ ಲೆಕ್ಕ ತಪ್ಪಿದೆ.

ಮೊಬೈಲ್‌ಗಳು ಸೆಕೆಂಡಿಗೆ 30 ಫ್ರೇಮ್ ಅಂತ ಹೇಳಿಕೊಂಡರೂ ಬೆಳಕು ಕಡಿಮೆಯಾದಾಗ, ಫೋನ್ ಬಿಸಿಯಾದಾಗ 24ಕ್ಕೋ 27ಕ್ಕೋ ಇಳಿಯುತ್ತವೆ, ಮತ್ತೆ ಏರುತ್ತವೆ. ಮೀಡಿಯಾಇನ್ಫೋದಲ್ಲಿ ಫ್ರೇಮ್ ರೇಟ್ ಮೋಡ್ ಎದುರು ವೇರಿಯಬಲ್ ಅಂತ ಕಾಣುತ್ತದೆ. ಡಿವಿಡಿಗೆ ಒಂದೇ ಸಮನಾದ 25 ಬೇಕು. ಇಲ್ಲಿ ಹ್ಯಾಂಡ್‌ಬ್ರೇಕ್ ಕೆಲಸಕ್ಕೆ ಬರುತ್ತದೆ. ಮೊದಲು ಅದರಲ್ಲಿ 25, ಕಾನ್‌ಸ್ಟಂಟ್ ಅಂತ ಇಟ್ಟು ಒಂದು ಫೈಲ್ ಮಾಡಿಕೊಳ್ಳಿ. ಆಮೇಲೆ ಅದನ್ನು ಡಿವಿಡಿಸ್ಟೈಲರ್‌ಗೆ ಕೊಡಿ.

ಹಳೆಯ ವಿಸಿಡಿಯಿಂದ ಡಿವಿಡಿ ಮಾಡುವಾಗ ಬೇರೊಂದು ತೊಂದರೆ. ವಿಸಿಡಿಯ ಆಡಿಯೋ 44.1 ಕಿಲೋಹರ್ಟ್ಸ್. ಅದನ್ನು ಸರಿಯಾಗಿ ಬದಲಿಸದೆ 48 ಅಂತ ಹೆಸರು ಮಾತ್ರ ಹಚ್ಚಿದರೆ ಧ್ವನಿ ಸುಮಾರು ನೂರಕ್ಕೆ 9ರಷ್ಟು ಬೇಗ ಓಡುತ್ತದೆ. ಗಂಡಸರ ದನಿ ಕೀರಲಾಗಿ ಕೇಳುತ್ತದೆ. ಇಂಥ ವಿಸಿಡಿಗಳ ಚಿತ್ರ 352 ಬೈ 288 ಮಾತ್ರ. ಅದನ್ನು ದೊಡ್ಡದು ಮಾಡಿದರೆ ಚೊಕ್ಕವಾಗುವುದಿಲ್ಲ. ಡಿವಿಡಿ ನಿಯಮದಲ್ಲಿ ಆ ಅಳತೆಗೂ ಜಾಗ ಇದೆ, ಇದ್ದ ಹಾಗೇ ಇಟ್ಟು ಆಡಿಯೋ ಮಾತ್ರ ಬದಲಿಸುವುದು ನನ್ನ ಪ್ರಕಾರ ಮೇಲು.

ಅಕ್ಷತೆ ಬೀಳುವಾಗ ತಡವರಿಸುತ್ತದೆ

ಮದುವೆ ಡಿವಿಡಿಯಲ್ಲಿ ಈ ದೋಷ ನೋಡಲೇಬೇಕಾದ್ದು. ಎಲ್ಲ ಚೆನ್ನಾಗಿ ಓಡುತ್ತದೆ. ಗಟ್ಟಿಮೇಳ ಶುರುವಾಗಿ ನಾಲ್ಕೂ ಕಡೆಯಿಂದ ಅಕ್ಷತೆ ಬೀಳುವ ಹೊತ್ತಿಗೆ ಚಿತ್ರ ತಡವರಿಸುತ್ತದೆ, ಚೌಕ ಚೌಕವಾಗಿ ಒಡೆಯುತ್ತದೆ. ಇಡೀ ಮದುವೆಯಲ್ಲಿ ಬೇಕಾದ ಗಳಿಗೆಯೇ ಅದು!

ಕಾರಣ ಇಷ್ಟು. ಎಂಪೆಗ್ 2 ಒಂದು ಫ್ರೇಮಿಗೂ ಮುಂದಿನ ಫ್ರೇಮಿಗೂ ಇರುವ ವ್ಯತ್ಯಾಸವನ್ನು ಮಾತ್ರ ಬರೆದುಕೊಂಡು ಜಾಗ ಉಳಿಸುತ್ತದೆ. ಮಂಟಪದಲ್ಲಿ ಸುಮ್ಮನೆ ಕೂತವರಿದ್ದರೆ ಬರೆಯಲು ಕಡಿಮೆ. ಅಕ್ಷತೆ ಬೀಳುವಾಗ ನೂರಾರು ಕಾಳುಗಳು ಒಂದೊಂದು ದಿಕ್ಕಿಗೆ ಹಾರುತ್ತವೆ, ಫೋಟೋದವರ ಫ್ಲಾಶ್ ಹೊಡೆಯುತ್ತಿರುತ್ತದೆ, ಹಿಂದೆ ಸೀರಿಯಲ್ ಲೈಟು ಮಿಣುಕುತ್ತದೆ. ಪ್ರತಿ ಫ್ರೇಮೂ ಹೊಸದು. ಬಿಟ್‌ರೇಟ್, ಅಂದರೆ ಒಂದು ಸೆಕೆಂಡಿನ ಚಿತ್ರಕ್ಕೆ ಬೇಕಾಗುವ ಡೇಟಾ, ಒಮ್ಮೆಲೇ ಮೇಲೇರುತ್ತದೆ. ಡಿವಿಡಿಯಲ್ಲಿ ವಿಡಿಯೋಗೆ ಮಿತಿ ಸೆಕೆಂಡಿಗೆ 9.8 ಮೆಗಾಬಿಟ್, ಧ್ವನಿ ಎಲ್ಲ ಸೇರಿ 10.08. ಅದನ್ನು ದಾಟಿದರೆ ಪ್ಲೇಯರ್ ತಡವರಿಸುತ್ತದೆ. ಕಂಪ್ಯೂಟರ್‌ಗೆ ಏನೂ ಅನ್ನಿಸುವುದಿಲ್ಲ. ಗರಿಷ್ಠ ಮಿತಿ 8 ಅಂತ ಇಡಿ. ರೈಟ್ ಮಾಡಿದ ಡಿಸ್ಕಿಗೆ ಅದೇ ಸುರಕ್ಷಿತ.

ಆದರೆ ತಡವರಿಸುವುದೆಲ್ಲ ಬಿಟ್‌ರೇಟ್ ಅಲ್ಲ. ಇನ್ನೊಂದು ಕಾಪಿಯನ್ನು ಇನ್ನೊಂದು ಪ್ಲೇಯರ್‌ನಲ್ಲಿ ಹಾಕಿ. ಅದೇ ಗಳಿಗೆಯಲ್ಲೇ ತಡವರಿಸಿದರೆ ಬಿಟ್‌ರೇಟ್. ಕಾಪಿಯಿಂದ ಕಾಪಿಗೆ ಜಾಗ ಬದಲಾದರೆ ಡಿಸ್ಕಿನ ಮೈ.

ಬಿಟ್‌ರೇಟ್ ಸಾಲದಿದ್ದರೂ ಚೌಕ ಒಡೆಯುತ್ತದೆ, ಆದರೆ ಆಗ ಕಂಪ್ಯೂಟರ್‌ನಲ್ಲೂ ಹಾಗೇ ಕಾಣುತ್ತದೆ. ಅದು ಜಾಸ್ತಿ ಹೊತ್ತನ್ನು ಒಂದೇ ಡಿಸ್ಕಿಗೆ ತುರುಕಿದ್ದರ ಫಲ.

ಕೊನೆಯ ಅರ್ಧ ಗಂಟೆ ಓಡುವುದಿಲ್ಲ

ಡಿಸ್ಕನ್ನು ಕಿಟಕಿ ಬೆಳಕಿಗೆ ಓರೆಯಾಗಿ ಹಿಡಿದು ಹೊಳೆಯುವ ಮಗ್ಗುಲು ನೋಡಿ. ಒಳಗಿನ ತೂತಿನ ಕಡೆಯಿಂದ ಒಂದು ಬಣ್ಣದ ಪಟ್ಟಿ ಶುರುವಾಗುತ್ತದೆ, ಒಂದು ಕಡೆ ತೆಳು ಗೆರೆಯಾಗಿ ಮುಗಿಯುತ್ತದೆ. ಗೆರೆಯ ಒಳಗೆ ಬರೆದ ಜಾಗ, ಆಚೆ ಖಾಲಿ. ಡಿವಿಡಿ ಒಳಗಿನಿಂದ ಹೊರಗೆ ಓದುತ್ತದೆ. ಗೆರೆ ಅಂಚಿಗೆ ತಾಗುವಷ್ಟು ತುಂಬಿಸಿದ್ದರೆ ಸಿನಿಮಾದ ಕೊನೆ ಅಂಚಿನಲ್ಲಿದೆ ಅಂತಾಯಿತು. ಅಗ್ಗದ ಡಿಸ್ಕ್‌ಗಳಲ್ಲಿ ಬಣ್ಣದ ಪದರ ಅಂಚಿನಲ್ಲೇ ಕೆಟ್ಟಿರುತ್ತದೆ. ಡಿಸ್ಕ್ ಸ್ವಲ್ಪ ಬಾಗಿದ್ದರೂ ಅಂಚಿನಲ್ಲೇ ಜಾಸ್ತಿ ಏರಿಳಿತ. ಬೆರಳಿನ ಗುರುತು ಬೀಳುವುದೂ ಅಲ್ಲೇ.

ಮೊದಲು ಒರೆಸಿ ನೋಡಿ. ಮೆತ್ತನೆಯ ಒಣ ಬಟ್ಟೆಯಲ್ಲಿ ತೂತಿನಿಂದ ಅಂಚಿನ ಕಡೆ ನೇರವಾಗಿ ಎಳೆಯಿರಿ. ಸುತ್ತ ಸುತ್ತ ಒರೆಸಬೇಡಿ. ಸುತ್ತಿನ ಗೀರು ಬಿದ್ದರೆ ಲೇಸರ್ ಅದೇ ಗೀರಿನ ಉದ್ದಕ್ಕೂ ಹೋಗಿ ಸಿಕ್ಕಿಕೊಳ್ಳುತ್ತದೆ. ಅಡ್ಡ ಗೀರನ್ನು ದಾಟಿಕೊಂಡು ಹೋಗುತ್ತದೆ.

ಹೊಸದಾಗಿ ಬರೆಯುವಾಗ ಅಂಚು ಬಿಡಿ. ಡಿಸ್ಕ್ ಮೇಲೆ 4.7 ಜಿಬಿ ಅಂತ ಇದ್ದರೂ ವಿಂಡೋಸ್ ಲೆಕ್ಕದಲ್ಲಿ ಅದು 4.38. ನಾನು 4 ದಾಟಿಸುವುದಿಲ್ಲ. ಡಿಸ್ಕ್ ಮೇಲೆ 16 ಎಕ್ಸ್ ಅಂತ ಬರೆದಿದ್ದರೂ 8ರಲ್ಲಿ ಬರೆಯಿರಿ, ರೈಟರ್ ಹಳೆಯದಾಗಿದ್ದರೆ 4ರಲ್ಲಿ. 8ರಲ್ಲಿ ಹತ್ತು ನಿಮಿಷದೊಳಗೆ ಮುಗಿಯುತ್ತದೆ, 4ರಲ್ಲಿ ಸುಮಾರು ಕಾಲು ಗಂಟೆ. ವೆರಿಫೈ ಟಿಕ್ ಹಾಕಿದರೆ ಇನ್ನಷ್ಟು ಹೊತ್ತು ಹಿಡಿಯುತ್ತದೆ, ಆದರೂ ಹಾಕಿ. ಬರೆಯುವಾಗ ಕರೆಂಟ್ ಹೋದರೆ ಆ ಡಿಸ್ಕ್ ಹೋಯಿತು, ಯುಪಿಎಸ್ ಇಲ್ಲದೆ ಈ ಕೆಲಸಕ್ಕೆ ಕೂರಬೇಡಿ. ಲ್ಯಾಪ್‌ಟಾಪ್‌ಗೆ ಹೊರಗಿನಿಂದ ಚುಚ್ಚುವ ರೈಟರ್ ಪದೇಪದೇ ನಡುವೆ ಕೈಕೊಟ್ಟರೆ ಯುಎಸ್‌ಬಿಯಿಂದ ಬರುವ ಕರೆಂಟ್ ಸಾಲುತ್ತಿಲ್ಲ. ಹಬ್ ತೆಗೆದು ನೇರ ಚುಚ್ಚಿ.

ಇಡೀ ರಾತ್ರಿಯ ದೊಡ್ಡಾಟ

ಇದು ನಮ್ಮ ಕಡೆಯದೇ ತೊಂದರೆ. ಊರಿನ ಬಯಲಲ್ಲಿ ರಾತ್ರಿ ಹತ್ತಕ್ಕೆ ಶುರುವಾದ ಆಟ ಬೆಳಕು ಹರಿಯುವವರೆಗೆ ನಡೆಯುತ್ತದೆ. ಎಂಟು ಗಂಟೆಯ ರೆಕಾರ್ಡಿಂಗ್. "ಎಲ್ಲಾ ಒಂದ ಸಿಡಿಗೆ ಹಾಕಿ ಕೊಡ್ರಿ" ಅಂತಾರೆ. ಲೆಕ್ಕ ತೋರಿಸಿದರೆ ಅವರೇ ಒಪ್ಪುತ್ತಾರೆ.

34,400ನ್ನು ಒಟ್ಟು ಸೆಕೆಂಡಿನಿಂದ ಭಾಗಿಸಿ. ಅಂಚು ಬಿಟ್ಟು ಬರೆದರೆ ಡಿಸ್ಕಿನಲ್ಲಿ ಹಿಡಿಯುವ ಮೆಗಾಬಿಟ್ ಅಷ್ಟು. ಎರಡು ಗಂಟೆಗೆ 7,200 ಸೆಕೆಂಡ್, ಭಾಗಿಸಿದರೆ ಸೆಕೆಂಡಿಗೆ 4.78 ಮೆಗಾಬಿಟ್. ಧ್ವನಿಗೆ ಕಾಲು ಮೆಗಾಬಿಟ್ ಮತ್ತು ಚಿಲ್ಲರೆ ಖರ್ಚು ತೆಗೆದರೆ ಚಿತ್ರಕ್ಕೆ ಸುಮಾರು 4.4. ಚೆನ್ನಾಗೇ ಬರುತ್ತದೆ. ಒಂದೂವರೆ ಗಂಟೆಗೆ 6 ಸಿಗುತ್ತದೆ, ಮೂರು ಗಂಟೆಗೆ 2.8. ಎಂಟು ಗಂಟೆ ತುರುಕಿದರೆ 1 ಕೂಡ ಸಿಗುವುದಿಲ್ಲ. ಕಿರೀಟ ಯಾವುದು, ಮುಖ ಯಾವುದು ತಿಳಿಯುವುದಿಲ್ಲ.

ಮದುವೆಗೆ ಸಾಕಾಗುವ ಬಿಟ್‌ರೇಟ್ ದೊಡ್ಡಾಟಕ್ಕೆ ಸಾಲದು ಅನ್ನುವುದನ್ನೂ ನೆನಪಿಡಿ. ರಾತ್ರಿ ರೆಕಾರ್ಡಿಂಗ್‌ನಲ್ಲಿ ಕತ್ತಲೆಯ ಜಾಗವೆಲ್ಲ ಸಣ್ಣ ಕಾಳುಗಳಾಗಿ ಕುದಿಯುತ್ತಿರುತ್ತದೆ. ನಮಗೆ ಅದು ಕತ್ತಲೆ, ಎಂಪೆಗ್‌ಗೆ ಅದು ಪ್ರತಿ ಫ್ರೇಮೂ ಬದಲಾಗುವ ಚಿತ್ರ. ಬಿಟ್‌ರೇಟನ್ನು ಆ ಕಾಳುಗಳೇ ತಿಂದುಬಿಡುತ್ತವೆ. ಮೊದಲು ಹಗುರವಾಗಿ ಡಿನಾಯ್ಸ್ ಮಾಡಿ, ಅಂದರೆ ಆ ಕಾಳುಗಳನ್ನು ಅಳಿಸಿ, ಆಮೇಲೆ ಎಂಪೆಗ್ ಮಾಡಿ. ಅತಿ ಮಾಡಿದರೆ ಮುಖದ ಬಣ್ಣಗಾರಿಕೆಯ ಗೆರೆ ಅಳಿಸಿಹೋಗುತ್ತದೆ. ತೊಗಲುಗೊಂಬೆ ಆಟದ ರೆಕಾರ್ಡಿಂಗ್‌ನಲ್ಲೂ ಇದೇ ಕಥೆ. ಪರದೆ ಹಿಂದಿನ ದೀಪ ಅಲುಗಿದರೆ ಇಡೀ ಪರದೆಯ ಬೆಳಕು ಬದಲಾಗುತ್ತದೆ.

ಹಾಗಾಗಿ ನಾಲ್ಕು ಡಿಸ್ಕ್, ತಲಾ ಎರಡು ಗಂಟೆ. ಗಡಿಯಾರ ನೋಡಿ ಕತ್ತರಿಸಬೇಡಿ. ಪದ ಮುಗಿದು, ಮದ್ದಳೆ ನಿಂತು, ಪಾತ್ರ ಒಳಗೆ ಹೋದ ಜಾಗದಲ್ಲಿ ಕತ್ತರಿಸಿ. ಒಂದು ಡಿಸ್ಕ್ 1 ಗಂಟೆ 50 ನಿಮಿಷ, ಇನ್ನೊಂದು 2 ಗಂಟೆ 10 ನಿಮಿಷ ಆದರೆ ಏನೂ ಆಗುವುದಿಲ್ಲ. ದೊಡ್ಡ ಕ್ಯಾಮೆರಾ ಇದ್ದರೆ ಕಾರ್ಡಿನಲ್ಲಿ ಫೈಲು ಸಾಮಾನ್ಯವಾಗಿ 4 ಜಿಬಿ ಒಳಗೆ ತುಂಡಾಗಿರುತ್ತದೆ. ಆ ತುಂಡುಗಳನ್ನು ಕ್ಯಾಮೆರಾ ಕಂಪನಿಯ ಸಾಫ್ಟ್‌ವೇರ್‌ನಲ್ಲೇ ಜೋಡಿಸಿ. ಬೇರೆಯದರಲ್ಲಿ ಜೋಡಿಸಿದರೆ ಕೂಡುವ ಜಾಗದಲ್ಲಿ ಹಾರ್ಮೋನಿಯಂ ಒಂದು ಕ್ಷಣ ತುಂಡಾಗಬಹುದು, ಹಾಡು ಬಲ್ಲವರಿಗೆ ಅದು ಕೂಡಲೇ ಗೊತ್ತಾಗುತ್ತದೆ.

ಕುಣಿತದ ಜಾಗದಲ್ಲಿ ಮಾತ್ರ ಚಿತ್ರ ಹಿಂದೆ ಮುಂದೆ ನಡುಗಿದ ಹಾಗೆ ಕಂಡರೆ, ನಿಂತು ಮಾತಾಡುವಾಗ ಸರಿ ಇದ್ದರೆ, ಅದು ಫೀಲ್ಡ್ ಆರ್ಡರ್, ಅಂದರೆ ಒಂದು ಫ್ರೇಮಿನ ಎರಡು ಅರ್ಧಗಳಲ್ಲಿ ಯಾವುದು ಮೊದಲು ಅನ್ನುವುದು, ತಪ್ಪಿದ್ದು. ಟೇಪಿನ ಮಿನಿಡಿವಿ ಕ್ಯಾಮೆರಾದಲ್ಲಿ ಕೆಳಗಿನ ಫೀಲ್ಡ್ ಮೊದಲು, ಕಾರ್ಡಿನ ಎಚ್‌ಡಿ ಕ್ಯಾಮೆರಾದಲ್ಲಿ ಮೇಲಿನ ಫೀಲ್ಡ್ ಮೊದಲು. ಹಳೆಯ ಟೇಪ್ ಮತ್ತು ಹೊಸ ಕಾರ್ಡ್ ಎರಡನ್ನೂ ಒಂದೇ ಟೈಮ್‌ಲೈನ್‌ಗೆ ಹಾಕಿದಾಗ ಇದು ತಪ್ಪುತ್ತದೆ. ಕುಣಿತದ ಅರ್ಧ ನಿಮಿಷ ಮಾತ್ರ ಆರ್ಡರ್ ಬದಲಿಸಿ ಎಂಪೆಗ್ ಮಾಡಿ, ಟಿವಿಯಲ್ಲೇ ಓಡಿಸಿ ನೋಡಿ. ಕಂಪ್ಯೂಟರ್ ತೆರೆಯಲ್ಲಿ ಇದು ಸರಿಯಾಗಿ ಕಾಣಿಸುವುದಿಲ್ಲ.

ಹೋದ ವರ್ಷ ಓಡುತ್ತಿತ್ತು, ಈಗ ಓಡುವುದಿಲ್ಲ

ಡಿಸ್ಕ್ ಎಲ್ಲಿಟ್ಟಿದ್ದಿರಿ ಅಂತ ಕೇಳಿ. ಟಿವಿ ಮೇಲೆ, ಕಿಟಕಿ ಪಕ್ಕ, ತಗಡಿನ ಮಾಡಿನ ಕೆಳಗೆ. ಏಪ್ರಿಲ್, ಮೇ ತಿಂಗಳಲ್ಲಿ ರಾಯಚೂರು, ಬಳ್ಳಾರಿಯ ಬಿಸಿಲು 40 ಡಿಗ್ರಿ ದಾಟುತ್ತದೆ. ತಗಡಿನ ಕೆಳಗೆ ಇನ್ನೂ ಜಾಸ್ತಿ. ಬಿಸಿ ಮತ್ತು ಬಿಸಿಲು ಎರಡೂ ಆ ಬಣ್ಣದ ಪದರವನ್ನು ಕೆಡಿಸುತ್ತವೆ. ಮದುಮಕ್ಕಳ ಫೋಟೋ ಇರುವ ಕಾಗದದ ಸ್ಟಿಕ್ಕರ್ ಅಂಟಿಸಿದ್ದರೆ ಬಿಸಿಗೆ ಅದರ ಅಂಚು ಏಳುತ್ತದೆ, ಡಿಸ್ಕ್ ಒಂದು ಕಡೆ ಭಾರವಾಗಿ ತಿರುಗುವಾಗ ಅದುರುತ್ತದೆ. ಸ್ಟಿಕ್ಕರ್ ಕೀಳಲು ಹೋಗಬೇಡಿ, ಡಿಸ್ಕೇ ಹಾಳಾದೀತು. ಫೋಟೋ ಬೇಕಿದ್ದರೆ ಡಬ್ಬಿಗೆ ಹಾಕಿ. ಡಿಸ್ಕ್ ಮೇಲೆ ಸಿಡಿ ಮಾರ್ಕರ್‌ನಲ್ಲಿ ಹೆಸರು ಬರೆದರೆ ಸಾಕು. ಬಾಲ್ ಪೆನ್ ಮಾತ್ರ ಮುಟ್ಟಿಸಬೇಡಿ.

ಇಂಥ ಡಿಸ್ಕ್ ಕೈಗೆ ಬಂದರೆ ಬೇರೆ ಬೇರೆ ಕಂಪ್ಯೂಟರ್ ರೈಟರ್‌ಗಳಲ್ಲಿ ಹಾಕಿ, ಕಡಿಮೆ ವೇಗದಲ್ಲಿ ಐಎಸ್‌ಒ, ಅಂದರೆ ಇಡೀ ಡಿಸ್ಕಿನ ನಕಲನ್ನು ಒಂದೇ ಫೈಲಾಗಿ, ಮಾಡಲು ನೋಡಿ. ಒಂದು ಓದದ ಜಾಗವನ್ನು ಇನ್ನೊಂದು ಓದುವುದುಂಟು. ಹೊಸದಾಗಿ ಮಾಡುವ ಪ್ರತಿ ಡಿವಿಡಿಯ ಐಎಸ್‌ಒ ಫೈಲನ್ನು ಹಾರ್ಡ್‌ಡಿಸ್ಕ್‌ನಲ್ಲಿ ಇಟ್ಟುಕೊಳ್ಳಿ, ಊರಿನ ಹೆಸರು ಮತ್ತು ತಾರೀಕು ಹಾಕಿ. ಗಿರಾಕಿಗೆ ಮೂಲ ಎಂಪಿ4 ಫೈಲನ್ನೂ ಪೆನ್‌ಡ್ರೈವ್‌ನಲ್ಲಿ ಕೊಟ್ಟುಬಿಡಿ. ಡಿವಿಡಿಗೆ ಇಳಿಸುವಾಗ ಎಚ್‌ಡಿ ಚಿತ್ರದ ಎಷ್ಟೋ ವಿವರ ಹೋಗಿಬಿಡುತ್ತದೆ, ಡಿಸ್ಕಿನಿಂದ ಅದನ್ನು ಯಾರೂ ವಾಪಸ್ ತೆಗೆಯಲಾರರು.